ಆಡಿನ ಚಪ್ಪರದ ಮೇಲಿನ ಮಾಲಕರು

ಗಡಿನಾಡಿನ ಬಿಳೂರಿನ ಉಸ್ಮಾನನನ್ನು ಕೇಳದೆ ಅವನ ಮಾಲಕರು ಮಾಡಿದ ಕೆಲಸವೇ ಇರಲಿಲ್ಲ. ಉಮದಿ ರಸ್ತೆಯಲ್ಲಿದ್ದ ಶಿವಯೋಗೆಪ್ಪನವರ ಬೇದಾಣೆ ಕಾರ್ಖಾನೆಯಲ್ಲಿ ಅವನು ಒಣದ್ರಾಕ್ಷಿ ತೊಳೆಯುವ ಯಂತ್ರ ನೋಡಿಕೊಳ್ಳುವವನು. ಆದರೆ ಮಗಳಿಗೆ ಬಂದ ವರ ಹೇಗಿದ್ದಾನೆ, ಗೇಟಿಗೆ ಹಸಿರು ಬಣ್ಣವೋ ನೀಲಿಯೋ, ಮೀಸೆಗೆ ಕಪ್ಪು ಹಚ್ಚಿದರೆ ಜನಕ್ಕೆ ಗೊತ್ತಾಗುತ್ತದೆಯೋ ಎಂಬುದನ್ನೆಲ್ಲ ಮಾಲಕರು ಆ ಯಂತ್ರದ ಪಕ್ಕಕ್ಕೇ ಬಂದು ನಿಂತು ಕೇಳುತ್ತಿದ್ದರು.

"ನೀ ಏನಂತಿ, ಉಸ್ಮಾನಭೈ?"

ಉಸ್ಮಾನ ಒಂದು ದ್ರಾಕ್ಷಿಯನ್ನು ಬೆರಳಲ್ಲಿ ಒತ್ತಿ ನೋಡಿ, ದಲಾಲ ದರ ಹೇಳುವಷ್ಟೇ ಸಾವಕಾಶವಾಗಿ ತನ್ನ ಅಭಿಪ್ರಾಯ ಹೇಳುತ್ತಿದ್ದ. ಪಗಾರ ಹೆಚ್ಚಿಸುವ ವಿಷಯದಲ್ಲಿ ಮಾತ್ರ ಅವನ ಅಭಿಪ್ರಾಯ ಮಾಲಕರಿಗೆ ಅಷ್ಟಾಗಿ ಬೇಕಾಗುತ್ತಿರಲಿಲ್ಲ.

ಒಂದು ಬೆಳಿಗ್ಗೆ ಕೆಲಸಕ್ಕೆ ಹೋದರೆ ಗೇಟಿಗೆ ಬೀಗ. ನೀಲಿ ಗೇಟು, ಅವನೇ ಆರಿಸಿದ ಬಣ್ಣ. ಪ್ಯಾಕಿಂಗ್ ಖಾತೆಯ ಸಿದ್ದಾರೂಢ ಆಗಲೇ ಬಂದು ಕಲ್ಲಿನ ಮೇಲೆ ಕುಳಿತಿದ್ದ.

"ದಿವಾಳಿ ಆತಂತ. ಬ್ಯಾಂಕಿನವ್ರು ಕೋರ್ಟಿಗೆ ಹೋಗ್ಯಾರ. ನಾವೆಲ್ಲಾ ಇನ್ನ ಮನಿಗೆ."

"ಯಾರ್ನೂ ಕೇಳದನ ಮುಚ್ಚಿದ್ರ?"

"ಕೇಳ್ಯಾರ. ಜ್ಯೋತಿಷಿನ ಕೇಳ್ಯಾರ, ವಕೀಲನ್ನ ಕೇಳ್ಯಾರ, ಹೆಂಡ್ತಿ ತಮ್ಮನ್ನೂ ಕೇಳ್ಯಾರ."

"ನನ್ನ ಕೇಳಲಿಲ್ಲ," ಎಂದ ಉಸ್ಮಾನ.

ಕೆಲಸ ಹೋದದ್ದಕ್ಕಿಂತ ಅದೇ ಅವನಿಗೆ ಹೆಚ್ಚು ನೋವಾಗಿತ್ತು. ಸಂಜೆ ಹೆಂಡತಿ ಮಹಮುದಾ ಹಿಟ್ಟಿನ ಖಾಲಿ ಡಬ್ಬಿ ಬಗ್ಗಿಸಿ ತೋರಿಸಿದಾಗ ನೋವುಗಳು ತಮ್ಮ ತಮ್ಮ ಸರದಿಗೆ ಬಂದು ನಿಂತವು, ಕೆಲಸದ್ದು ಮೊದಲು.

ಕೆಲವು ದಿನಗಳಲ್ಲಿ ಕೋರ್ಟು ನೇಮಿಸಿದ ಅಧಿಕಾರಿ ಶೀತಲ ಮೇಡಂ ಪುಣೆಯಿಂದ ಬಂದು ಕಾರ್ಖಾನೆಯ ಆಫೀಸಿನಲ್ಲಿ ಕುಳಿತು ಕೆಲಸಗಾರರನ್ನು ಕರೆಸಿದರು. ಮಾತು ಮರಾಠಿ, ವಿಷಯ ನೇರ. ಕಾರ್ಖಾನೆ ದಿವಾಳಿಯಾದರೂ ಕೆಲಸಗಾರರ ಹಕ್ಕು ದಿವಾಳಿಯಾಗುವುದಿಲ್ಲ. ಮುಂಚಿತವಾಗಿ ನೋಟೀಸು ಕೊಡದೆ ಮುಚ್ಚಿದ್ದಕ್ಕೆ ಒಂದು ತಿಂಗಳ ಪಗಾರ, ದುಡಿದ ಒಂದೊಂದು ವರ್ಷಕ್ಕೂ ಹದಿನೈದು ದಿನದ ಪಗಾರ. ಆಸ್ತಿ ಮಾರಿ ಬಂದ ದುಡ್ಡಿಗೆ ಕೆಲಸಗಾರರೂ ಬ್ಯಾಂಕಿನ ಪಕ್ಕದಲ್ಲೇ ನಿಲ್ಲಬಹುದು.

"ಆದರೆ ನೀವು ಗುತ್ತಿಗೆದಾರನ ಕಡೆಯವರು, ಬರೀ ಎರಡು ಹಂಗಾಮು ಬಂದವರು ಎಂದು ಮಾಲಕರು ಬರೆದುಕೊಟ್ಟಿದ್ದಾರೆ."

"ಗುತ್ತಿಗೆದಾರ ಯಾರಂತ್ರಿ, ಮೇಡಂ?" ಎಂದ ಸಿದ್ದಾರೂಢ. "ಒಮ್ಮೆ ಅವ್ರನ್ನ ನೋಡೂ ಆಸೆ ಐತಿ."

ಮೇಡಂ ನಕ್ಕರು, ಆದರೆ ಪುರಾವೆ ಕೇಳುವುದನ್ನು ಬಿಡಲಿಲ್ಲ. ಪಗಾರದ ಚೀಟಿ ಇಲ್ಲ, ಗುರುತಿನ ಕಾರ್ಡು ಇಲ್ಲ. ಸಂತೆಯ ದಿನ ಕೈಗೆ ದುಡ್ಡು ಬರುತ್ತಿತ್ತು, ಸಂತೆಯಲ್ಲೇ ಮುಗಿಯುತ್ತಿತ್ತು. ಹನ್ನೊಂದು ವರ್ಷದ ದುಡಿಮೆಗೆ ಸಾಕ್ಷಿ ಎಂದರೆ ಉಸ್ಮಾನನ ಸೊಂಟನೋವು ಒಂದೇ.

ಅವನು ಮನೆಗೆ ಬಂದು ಆಡಿನ ಚಪ್ಪರದಡಿ ಹೊರಸು ಹಾಕಿಕೊಂಡು ಮಲಗಿದ. ಮೇಲಿಂದ ಮಾಲಕರು ನಗುತ್ತಿದ್ದರು.

ಅದು ಹೇಗೆಂದರೆ, ಶಿವಯೋಗೆಪ್ಪನವರಿಗೆ ಪ್ರತಿ ಹುಟ್ಟುಹಬ್ಬಕ್ಕೂ ಉಮದಿ ಬಸ್ ಸ್ಟ್ಯಾಂಡಿನಲ್ಲಿ ದೊಡ್ಡ ಫ್ಲೆಕ್ಸ್ ಬ್ಯಾನರ್ ಬೇಕು. ಹಾಕಿಸುವವರು ಕೆಲಸಗಾರರು, ಅಭಿಮಾನದಿಂದ, ಪಗಾರದಲ್ಲಿ ಮುರಿದುಕೊಂಡು. ನಡುವೆ ಮಾಲಕರ ಮುಖ ಗಾಡಿಗಾಲಿಯಷ್ಟು, ಕೆಳಗೆ 'ಶುಭೇಚ್ಛುಕರು: ನಮ್ಮ ಸಮಸ್ತ ಕಾಮಗಾರರು' ಎಂದು ಸಾಲಾಗಿ ನಿಂಬೆಹಣ್ಣಿನಷ್ಟು ಮುಖಗಳು, ಹೆಸರು, ಖಾತೆ. ವಾರದ ಮೇಲೆ ಉಸ್ಮಾನ ಅದನ್ನು ಬಿಚ್ಚಿ ತಂದು, ಹಳೆಯವನ್ನು ತೆಗೆಯದೆ, ಚಪ್ಪರಕ್ಕೆ ಹೊದಿಸುತ್ತಿದ್ದ. ಅಕ್ಕಪಕ್ಕದವರು ನಗಬಾರದೆಂದು ಮಹಮುದಾ ಮಾಲಕರ ಮುಖವನ್ನು ಒಳಬದಿಗೆ ಮಾಡಿಸಿದ್ದಳು. ಆಡುಗಳಿಗೇನೂ ತಕರಾರಿರಲಿಲ್ಲ.

"ಏನ್ರಿ, ಮಾಲಕರ ಮಾರಿ ನೋಡ್ಕೋತ ಮಲಗಿದ್ರ ರೊಟ್ಟಿ ಬರ್ತಾವೇನು?" ಎಂದಳು ಮಹಮುದಾ.

ಉಸ್ಮಾನನ ಕಣ್ಣು ಮಾಲಕರ ಗದ್ದದಿಂದ ಕೆಳಗಿಳಿಯಿತು. ಅಲ್ಲಿ ಕಪ್ಪು ಕೂದಲಿನ ಒಬ್ಬ ತರುಣ ನಿಂತಿದ್ದ. ಉಸ್ಮಾನ, ತೊಳೆಯುವ ಖಾತೆ.

"ಬರ್ತಾವ," ಎಂದು ಎದ್ದು ಕುಳಿತ. "ಹಗ್ಗ ಬಿಚ್ಚು."

ಮರುದಿನ ಸಿದ್ದಾರೂಢ ಗೊತ್ತುಮಾಡಿದ ಟಂಟಂ ಗಾಡಿಯಲ್ಲಿ ಹನ್ನೊಂದು ಬ್ಯಾನರುಗಳು ಆಫೀಸಿಗೆ ಬಂದವು. ಜೊತೆಗೆ ಆಡಿನ ವಾಸನೆಯೂ ಬಂತು. ಮೇಡಂ ಮೂಗಿಗೆ ಓಢಣಿಯ ಸೆರಗು ಒತ್ತಿಕೊಂಡು ಒಂದೊಂದನ್ನೇ ನೆಲಕ್ಕೆ ಹಾಸಿಸಿದರು. ಕರೆಸಿಕೊಂಡಿದ್ದ ಶಿವಯೋಗೆಪ್ಪನವರು ಗುತ್ತಿಗೆದಾರನ ಮಾತು ಮರೆತು, ತಮ್ಮ ನಲವತ್ತನೆಯ ವಯಸ್ಸಿನ ಮುಖದ ಮುಂದೆ ನಿಂತುಬಿಟ್ಟರು.

ಬ್ಯಾನರಿನಲ್ಲಿ ಇಸವಿ ಇಲ್ಲ, ಎಷ್ಟನೆಯ ಹುಟ್ಟುಹಬ್ಬ ಎಂಬುದಿದೆ. ಮೇಡಂ ಅದರಿಂದಲೇ ಲೆಕ್ಕ ಹಾಕಿದರು. ನಲವತ್ತು, ನಲವತ್ತೊಂದು, ಹೀಗೆ ನಲವತ್ತೊಂಬತ್ತರವರೆಗೆ.

"ಹತ್ತೇ ವರ್ಷ. ನಲವತ್ತೊಂಬತ್ತು ಎರಡಿವೆಯಲ್ಲ?"

ಉಸ್ಮಾನ ತಲೆ ಕೆರೆದುಕೊಂಡ. "ಐವತ್ತಂತ ಹಾಕ್ಸಿದ್ರ ಮುದುಕ ಅನಸ್ತೀನಿ, ಇನ್ನೊಂದ್ ವರ್ಷ ನಲವತ್ತೊಂಬತ್ತ ಇರ್ಲಿ ಅಂದ್ರು. ನನ್ನ ಕೇಳಿದ್ರು. ನಾ ಹ್ಞೂಂ ಅಂದಿದ್ದೆ."

"ಹದಿನೈದು ದಿನದ ಪಗಾರ ನಿನ್ನ ಒಂದು ಹ್ಞೂಂದಾಗ ಹೋತು ನೋಡು," ಎಂದ ಸಿದ್ದಾರೂಢ. "ನಂದೂ ಹೋತು."

ಮೇಡಂ ಮಾಲಕರ ಕಡೆ ತಿರುಗಿದರು. ಮಾಲಕರು ಗೋಡೆಯ ಕಡೆ ತಿರುಗಿದರು. ಹೊರಗೆ ಇಡೀ ಪ್ಯಾಕಿಂಗ್ ಖಾತೆ ಕಿಟಕಿಗೆ ಕಿವಿಗೊಟ್ಟು ನಿಂತಿತ್ತು. ಇಷ್ಟು ಜನರೆದುರು ವಯಸ್ಸು ಒಪ್ಪಿಕೊಳ್ಳುವುದಕ್ಕಿಂತ ಸಾಲ ಒಪ್ಪಿಕೊಳ್ಳುವುದು ಅವರಿಗೆ ಸುಲಭವಿತ್ತು, ಅದನ್ನಾಗಲೇ ಒಪ್ಪಿಕೊಂಡಿದ್ದರು.

ಉಸ್ಮಾನ ದ್ರಾಕ್ಷಿ ಒತ್ತಿ ನೋಡುವ ಹಾಗೆ ಮಾಲಕರನ್ನು ಮೇಲಿಂದ ಕೆಳಗೆ ನೋಡಿದ.

"ಮಾಲಕ್ರ, ಖರೆ ಹೇಳಿದ್ರೂ ಯಾರೂ ನಂಬೂದಿಲ್ರಿ. ಆ ಮೀಸಿ ನೋಡಿದವ್ರಿಗೆ ನಲವತ್ತೈದರ ಮ್ಯಾಲ ಅನ್ನಾಕ ಆಗೂದಿಲ್ಲ."

ಶಿವಯೋಗೆಪ್ಪನವರ ಕೈ ತಾನಾಗಿ ಮೀಸೆಗೆ ಹೋಯಿತು.

"ಐವತ್ತರಿ," ಎಂದರು, ಮೆತ್ತಗೆ. "ಅದೂ ಇವ್ರ ಹಾಕ್ಸಿದ್ದು. ಎಲ್ಲಾ ನಮ್ಮ ಮಂದಿನ."

ಮೇಡಂ ಹನ್ನೊಂದು ಎಂದು ಬರೆದುಕೊಂಡರು.

ಯಂತ್ರಗಳು ಮಾರಾಟವಾದ ಮೇಲೆ ದುಡ್ಡು ಬ್ಯಾಂಕ್ ಖಾತೆಗೆ ಬಂತು. ಪೂರ್ತಿ ಅಲ್ಲ, ಆದರೆ ಮಹಮುದಾಳ ಹಿಟ್ಟಿನ ಡಬ್ಬಿ ಬಗ್ಗಿಸಲಾಗದಷ್ಟು ಭಾರವಾಯಿತು. ಬ್ಯಾನರುಗಳು ಮಾತ್ರ ಪುರಾವೆಯಾಗಿ ಪುಣೆಗೆ ಹೋದವು, ಮಳೆಗಾಲ ಬಂತು, ಆಡುಗಳು ಅಡುಗೆಮನೆಗೆ ಬಂದವು.

ಉಸ್ಮಾನ ಮಾಲಕರ ಮನೆಗೆ ಹೋದ.

"ಮುಂದಿನ ವಾರ ನಿಮ್ಮ ಹುಟ್ಟಿದ ದಿನರಿ. ಬ್ಯಾನರ್ ಹಾಕ್ಸೂನ ಅಂತ ಎಲ್ಲಾರೂ ರೊಕ್ಕದ ಪಟ್ಟಿ ಹಾಕೀವಿ."

ಮಾಲಕರು ಕುರ್ಚಿಯಿಂದ ಎದ್ದರು. "ಇನ್ನೂ ಇಷ್ಟ ಪ್ರೀತಿ ಐತೇನು, ಉಸ್ಮಾನಭೈ?"

"ಆಡು ಭಾಳ ತೋಯಾಕತ್ತಾವ್ರಿ. ಸ್ವಲ್ಪ ದೊಡ್ಡದ ಹಾಕ್ಸೂನು."

ಮಾಲಕರು ಬಾಗಿಲ ಕಡೆ ಒಮ್ಮೆ ನೋಡಿ, ದನಿ ತಗ್ಗಿಸಿದರು. "ವಯಸ್ಸು ಎಷ್ಟಂತ ಹಾಕ್ಸೂದು? ನೀ ಏನಂತಿ?"

"ಐವತ್ತೊಂದರಿ," ಎಂದ ಉಸ್ಮಾನ. "ಈ ಸಲ ನಾ ಹ್ಞೂಂ ಅನ್ನೂದಿಲ್ಲ."