ಹುನಗುಂದದ ಅತ್ತೆಯ ಮನೆಗೆ ನಾಲ್ಕೇ ಖಾನೆ

ಮೊನ್ನೆ ನನ್ನ ವಿದ್ಯಾರ್ಥಿನಿಯೊಬ್ಬಳ ಕಂಪ್ಯೂಟರಿನ ಪರದೆಯ ಮೇಲೆ ಹಳೆಯ ಬೈಗುಳವೊಂದನ್ನು ಕಂಡೆ. ಕೊಟ್ಟ ಹೆಸರುಗಳು ಖಾನೆಗಿಂತ ಹೆಚ್ಚಾದವು ಎಂಬ, ಪ್ರೋಗ್ರಾಮ್ ಬರೆಯುವ ಸಿ ಭಾಷೆಯ ತಕರಾರು. ಅವಳು ನಕ್ಕಳು. ನನಗೆ ಮಾತ್ರ ಇಂದಿಗೂ ಕಿವಿ ಬಿಸಿಯಾಗುತ್ತದೆ ನೋಡಿ.

ಎಂಬತ್ತರ ದಶಕದ ಕೊನೆ. ನಾನು ಬಾಗಲಕೋಟೆಯಲ್ಲಿ ಕಲಿಯುತ್ತಿದ್ದೆ; ಇಳಕಲ್ಲಿನ ನಮ್ಮ ಮನೆಯಲ್ಲಿ ಅಕ್ಕನ ಮದುವೆ. ಮದುವೆಯಲ್ಲಿ ಬಂಧುಗಳನ್ನೆಲ್ಲ ಹೆಸರು ಹಿಡಿದು ಕರೆದು ಬಟ್ಟೆಯ ಉಡುಗೊರೆ ಕೊಟ್ಟು ಆಯೇರಿ ಮಾಡಬೇಕು. ಒಬ್ಬರನ್ನು ಬಿಟ್ಟರೂ ಹತ್ತು ವರ್ಷ ಮಾತು ಬಂದ್. ಆ ಪಟ್ಟಿಯನ್ನು ಕಂಪ್ಯೂಟರಿನಲ್ಲೇ ಮಾಡುತ್ತೇನೆಂದು ಜಂಬ ಕೊಚ್ಚಿಕೊಂಡೆ. ಅವ್ವ ಹೆಸರು ಹೇಳಿದಳು, ನಾನು ಬರೆದುಕೊಂಡು ಹೋದೆ.

ಮನೆಗೊಂದು ಸ್ಟ್ರಕ್ಟ್, ಅಂದರೆ ಖಾನೆಗಳಿರುವ ಪೆಟ್ಟಿಗೆ; ಅದರೊಳಗೆ ಮನೆತನದ ಹೆಸರು, ಆಮೇಲೆ ಮಂದಿಯ ಹೆಸರಿಗೆ ನಾಲ್ಕು ಖಾನೆ. ಹೆಸರುಗಳನ್ನೆಲ್ಲ ಪ್ರೋಗ್ರಾಮಿನೊಳಗೇ ಮೊದಲೇ ತುಂಬಿಟ್ಟೆ. ಹುನಗುಂದದ ಅತ್ತೆಯ ಮನೆಯೊಂದು ಮಾತ್ರ ಅದರಲ್ಲಿ ಹಿಡಿಯಲಿಲ್ಲ. ಅಲ್ಲಿ ಐದು ಮಂದಿ; ಪರದೆಯ ಮೇಲೆ ಅದೇ ಬೈಗುಳ. ಒಂದು ಮನೆಗೆ ಖಾನೆ ಹೆಚ್ಚಿಸಿದರೆ ಎಲ್ಲ ಮನೆಗೂ ಹೆಚ್ಚಿಸಬೇಕು, ಒಬ್ಬಂಟಿ ಕಾಕಾನಿಗೂ ಐದು! ನನ್ನ ಜಿಪುಣ ಬುದ್ಧಿ ಒಪ್ಪಲಿಲ್ಲ. ಛಾಪಿಸಿದ ಮೇಲೆ ಪೆನ್ನಿನಿಂದ ಬರೆದರಾಯಿತೆಂದು ಐದನೆಯ ಹೆಸರು ಅಳಿಸಿದೆ. ಹಾಳೆ ಎಷ್ಟು ಚೆಂದ ಬಂತೆಂದರೆ, ಕಂಡವರಿಗೆಲ್ಲ ತೋರಿಸುತ್ತ ಪೆನ್ನಿನ ಮಾತೇ ಮರೆತೆ.

ಐದನೆಯವಳು ಶಾಂತಾ ವೈನಿ, ಅತ್ತೆಯ ಹೊಸ ಸೊಸೆ. ನಮ್ಮ ಮನೆಯಲ್ಲಿ ಅವಳಿಗೆ ಅದೇ ಮೊದಲ ಆಯೇರಿ.

ಹಂದರದಲ್ಲಿ ನಾನೇ ಗತ್ತಿನಿಂದ ಓದಿದೆ. ಅತ್ತೆಯ ಮನೆಯ ನಾಲ್ವರು ಎದ್ದು ಬಂದರು. ವೈನಿ ಸೆರಗು ಸರಿಮಾಡಿಕೊಂಡು ಅರ್ಧ ಎದ್ದಿದ್ದಳು. ನಾನು ಮುಂದಿನ ಮನೆ ಓದಿಬಿಟ್ಟೆ. ಅವಳು ಮತ್ತೆ ಕೂತಳು. ಅತ್ತೆ ಮುಖ ಬಿಗಿದುಕೊಂಡಳು; ಇನ್ನು ಉಣ್ಣದೆಯೇ ಹೊರಟುಬಿಡುತ್ತಾಳೆ ಎನಿಸಿತು.

ಅವ್ವ ಒಳಗೆ ಹೋಗಿ ಎಲ್ಲಿಂದಲೋ ಒಂದು ಸೀರೆ ತಂದು ವೈನಿಯ ಉಡಿಯಲ್ಲಿಟ್ಟಳು.

"ನಿನ್ನ ಹೆಸರು ಪಟ್ಟಿಯಾಗ ಹಾಕಿಲ್ಲವ್ವಾ. ಹೊಸಾ ಸೊಸಿಗೆ ನಾನ ಕೈಯಾರೆ ಕೊಡಬೇಕಂತ."

ಅತ್ತೆ ಊಟಕ್ಕೆ ಎದ್ದಳು.

ಮರುದಿನ ಅವ್ವ ಬೈಯಲಿಲ್ಲ. ಮನೆಗೊಂದು ಬಟ್ಟೆಯ ಗಂಟು ಕಟ್ಟಬೇಕಿತ್ತು, ಗಂಟು ಎಷ್ಟು ದೊಡ್ಡದಿದ್ದರೂ ಪಟ್ಟಿಯಲ್ಲಿ ಅದರ ನಂಬರೊಂದಿದ್ದರೆ ಸಾಕು ಎಂದಳಷ್ಟೆ. ನಾಲ್ಕನೆಯ ಇಯತ್ತೆ ಕಲಿತವಳು! ಮಂದಿಯ ಹೆಸರುಗಳನ್ನು ಬೇರೆ ಸಾಲಿನಲ್ಲಿಟ್ಟು, ಸ್ಟ್ರಕ್ಟಿನಲ್ಲಿ ಆ ಸಾಲು ಇರುವ ಜಾಗದ ವಿಳಾಸ, ಹೆಸರುಗಳ ಎಣಿಕೆ ಮಾತ್ರ ಇಡುವುದನ್ನು ನಾನು ಕಲಿತದ್ದು ಹಾಗೆ. ಮೊನ್ನೆ ಹುಡುಗಿಗೂ ಅದನ್ನೇ ಹೇಳಿಕೊಟ್ಟೆ.

ಅವಳು ಹೋದ ಮೇಲೆ ಮನಸ್ಸು ತಡೆಯದೆ ವೈನಿಗೆ ಫೋನ್ ಮಾಡಿ ತಪ್ಪೊಪ್ಪಿಕೊಂಡೆ. ಇಷ್ಟು ವರ್ಷ ಅವ್ವನನ್ನು ಬಿಟ್ಟು ಯಾರಿಗೂ ಗೊತ್ತಿಲ್ಲವೆಂದೇ ತಿಳಿದಿದ್ದೆ.

"ನನಗ ಅವತ್ತ ಗೊತ್ತಾತು," ಎಂದಳು. "ಅದು ಬೀಗರು ನಿಮ್ಮವ್ವಗ ಕೊಟ್ಟ ಸೀರಿ. ಅದರ ಮ್ಯಾಲ ಆಕಿ ಹೆಸರಿನ ಚೀಟಿ ಇನ್ನೂ ಹಂಗ ಇತ್ತು. ಅತ್ತಿಯವರು ನೋಡಬಾರದಂತ ಬಾಯಾಗ ಹಾಕ್ಕೊಂಡು ನುಂಗಿಬಿಟ್ಟೆ."