ಪಡಸಾಲೆಗೆ ಬಂದ ಗ್ರೈಂಡರ್

ತಂಗಿಯ ನಿಶ್ಚಯಕ್ಕೆ ಹೋಳಿಗೆ ಮನೆಯಲ್ಲೇ ಆಗಬೇಕೆಂದು ಅವ್ವ ಪಟ್ಟು ಹಿಡಿದಿದ್ದಳು. ಹುಬ್ಬಳ್ಳಿಯ ಅಂಗಡಿಯಿಂದ ತರಿಸೋಣ ಎಂದ ಅಣ್ಣನಿಗೆ, "ಬೀಗರಿಗೆ ಡಬ್ಬ್ಯಾಗಿನ ಹೋಳಿಗಿ ನೀಡೋದಾದ್ರ ಈ ಮನ್ಯಾಗ ನಾ ಯಾಕ ಇರಬೇಕು?" ಎಂದು ಸೌಟು ತೋರಿಸಿದ್ದಳು. ಅವ್ವನ ಹೋಳಿಗೆ ನಮ್ಮೂರು ಸುಳ್ಳದಲ್ಲೆಲ್ಲ ಹೆಸರುವಾಸಿ. ಊರಿನ ಹೆಸರು ಹಾಗಿದ್ದರೂ ಈ ಮಾತು ಖರೇ.

ಅಂದು ಬೆಳಗ್ಗೆ ಬೇಳೆ ಬೆಂದು, ಬೆಲ್ಲ ಕೂಡಿ, ಹೂರಣ ರುಬ್ಬುವುದೊಂದೇ ಬಾಕಿ ಇತ್ತು. ಅಡುಗೆಮನೆ ಸಾಲದೆಂದು ಹಿತ್ತಲಿನಾಚೆ ಹಂದರ ಹಾಕಿ, ಗ್ರೈಂಡರನ್ನೂ ಅಲ್ಲಿಗೇ ಒಯ್ದಿದ್ದೆವು. ಕರೆಂಟ್ ಎಳೆದವರು ಕಾಕಾ. ಇದ್ದ ವೈರು ಸಾಲದೆ, ಗಣಪತಿ ಹಬ್ಬದ ದೀಪದ ಸರಗಳ ತೆಳ್ಳನೆಯ ವೈರುಗಳನ್ನೆಲ್ಲ ಜೋಡಿಸಿ ಉದ್ದ ಮಾಡಿದ್ದರು. ಗುಂಡಿ ಒತ್ತಿದರೆ ಗ್ರೈಂಡರ್ ಗುಂಯ್ ಎಂದಿತೇ ಹೊರತು ತಿರುಗಲಿಲ್ಲ.

ಕಾಕಾ ಟೆಸ್ಟರ್ ಹಚ್ಚಿದರು. ಅದು ಕೆಂಪಗೆ ಉರಿಯಿತು. "ನೋಡ್ರಿ, ಕರೆಂಟ್ ಐತಿ! ಮಷೀನೇ ಕೆಟ್ಟೈತಿ."

ಅಣ್ಣ ಅಂಗಡಿಗೆ ಹೇಳಲು ಫೋನ್ ತೆಗೆದ. ಅವ್ವನ ಮುಖ ಸಣ್ಣದಾಯಿತು. ನನ್ನತ್ತ ತಿರುಗಿ, "ಏನವಾ, ಸಾಲ್ಯಾಗ ಮಂದಿ ಮಕ್ಕಳಿಗೆ ಕರೆಂಟಿನ ಪಾಠ ಹೇಳ್ತಿ. ನಿಮ್ಮವ್ವನ ಹೋಳಿಗಿಗೂ ಒಮ್ಮೆ ಉಪಯೋಗಕ್ಕ ಬರ್ಲಿ ನೋಡೋಣು" ಎಂದಳು.

ನಾನು ಬೈರಿದೇವರಕೊಪ್ಪದ ಶಾಲೆಯಲ್ಲಿ ವಿಜ್ಞಾನದ ಟೀಚರ್. ಬೋರ್ಡಿನ ಮೇಲಿನ ಬಲ್ಬುಗಳನ್ನು ಬೇಕಾದಷ್ಟು ಉರಿಸಿದ್ದೇನೆ, ಹೂರಣ ಮಾತ್ರ ಯಾವ ಪಾಠದಲ್ಲೂ ಇರಲಿಲ್ಲ. ಅದೇ ವೈರಿಗೆ ಒಂದು ಬಲ್ಬು ಹಚ್ಚಿದೆ. ಝಗ್ಗನೆ ಬೆಳಗಿತು. ಗ್ರೈಂಡರಿನ ಗುಂಡಿ ಒತ್ತಿದ ಕೂಡಲೇ ಬಲ್ಬು ಮಂಕಾಯಿತು. ಎಲ್ಲ ಬಂದ್ ಮಾಡಿಸಿ ವೈರು ಮುಟ್ಟಿದೆ. ಬೆಚ್ಚಗಿತ್ತು! ನನಗೆ ಕುಣಿಯುವಷ್ಟು ಖುಷಿ.

"ಕಾಕಾ, ಹೊಲದಾಗ ಸಣ್ಣ ಪೈಪು ಉದ್ದಕ ಜೋಡಿಸಿ, ತುದಿ ನಳ ಬಂದ್ ಮಾಡಿದ್ರ ನೀರಿನ ಜೋರು ಪೂರಾ ಇರ್ತೈತಿ. ನಳ ಬಿಟ್ರ?"

"ಜೋರು ಎಲ್ಲಿರ್ತೈತಿ? ಅಳಕೋತ ಬರ್ತೈತಿ."

"ಇದೂ ಹಂಗರಿ. ಹರಿಯೋದು ಕರೆಂಟ್, ನೂಕೋ ಜೋರು ವೋಲ್ಟೇಜ್. ಸಣ್ಣ ವೈರು, ಉದ್ದ ದಾರಿ, ಅದಕ್ಕ ತಡೆ ಹೆಚ್ಚು. ಆ ತಡೆ ದಾಟೋದ್ರಾಗ ಜೋರು ಖರ್ಚಾಗಿ ವೈರು ಬಿಸಿ ಆಗ್ತೈತಿ. ಟೆಸ್ಟರಿಗೆ ಹನಿ ಕರೆಂಟ್ ಸಾಕು, ಗ್ರೈಂಡರಿಗೆ ಹಳ್ಳದಷ್ಟು ಬೇಕು."

ಅಡುಗೆಮನೆಯಲ್ಲಿ ಜಾಗವಿರಲಿಲ್ಲ. ಅದು ಬಿಟ್ಟರೆ ದಪ್ಪ ವೈರಿನ ದೊಡ್ಡ ಪ್ಲಗ್ ಮನೆಯಲ್ಲಿ ಒಂದೇ ಇತ್ತು. ಕೂಲರಿಗೆಂದು ಹಾಕಿಸಿದ್ದು, ಪಡಸಾಲೆಯಲ್ಲಿ, ಮೀಟರಿನ ಮಗ್ಗುಲಲ್ಲೇ. ಅಲ್ಲಿ ಆಗಲೇ ಬೀಗರಿಗಾಗಿ ಹೊಸ ಜಮಖಾನೆ ಹಾಸಿತ್ತು.

"ಬೀಗರು ಕೂಡೋ ಜಾಗದಾಗ ಗ್ರೈಂಡರ್? ಮಂದಿ ಏನಂದಾರು?" ಎಂದಳು ಅವ್ವ. ಅತ್ತ ದರಿ, ಇತ್ತ ಪುಲಿ. ಒಮ್ಮೆ ಜಮಖಾನೆ ನೋಡಿದಳು, ಒಮ್ಮೆ ಅಣ್ಣನ ಕೈಯಲ್ಲಿದ್ದ ಫೋನ್ ನೋಡಿದಳು. ಆಮೇಲೆ ತಾನೇ ಬಗ್ಗಿ ಜಮಖಾನೆ ಸುತ್ತಿದಳು.

ಪಡಸಾಲೆಯಲ್ಲಿ ಗ್ರೈಂಡರ್ ಗರಗರ ತಿರುಗಿತು. ಕಾಕಾ ತಮ್ಮದೇ ಮಷೀನು ಎಂಬಂತೆ ಬೀಗಿದರು. ಕೊನೆಯ ಸುತ್ತು ಹೂರಣ ಇನ್ನೂ ಕಲ್ಲಿನಲ್ಲಿರುವಾಗಲೇ ಬೀಗರ ಗಾಡಿ ಬಾಗಿಲಿಗೆ ಬಂದು ನಿಂತಿತು.

ಹುಡುಗನ ತಾಯಿ ಹೊಸ್ತಿಲಲ್ಲೇ ನಿಂತರು. "ಇದೇನ್ರಿ, ಪಡಸಾಲ್ಯಾಗ ಗ್ರೈಂಡರ್?"

ಅವ್ವನ ಮೊಣಕೈವರೆಗೂ ಹೂರಣ.

"ಹಿತ್ತಲಾಚಿ ಇಟ್ಟಿದ್ವಿರಿ," ಎಂದಳು ಅವ್ವ, ಅಳುಕದೆ. "ವೈರು ಸಣ್ಣದು, ದಾರಿ ಉದ್ದ. ನೂಕೋ ಜೋರೆಲ್ಲ ದಾರ್ಯಾಗ ಖರ್ಚಾಗಿ ವೈರು ಬಿಸಿ ಆತು, ಕಲ್ಲು ತಿರುಗಲಿಲ್ಲ. ಟೆಸ್ಟರ್ ಉರೀತಂತ ನಂಬಬಾರದ್ರಿ."

ನಾನು ಚಪ್ಪಾಳೆ ತಟ್ಟುವುದೊಂದು ಬಾಕಿ. ನನ್ನ ಕ್ಲಾಸಿನಲ್ಲಿ ಈ ವರ್ಷ ಇಷ್ಟು ಚೊಕ್ಕ ಉತ್ತರ ಯಾರೂ ಕೊಟ್ಟಿರಲಿಲ್ಲ.

"ಹೂರಣ ಮನ್ಯಾಗ ರುಬ್ಬೀರಿ ಅಂದ್ರ ಇನ್ನೇನು ಬೇಕ್ರಿ!" ಎಂದವರೇ ಬೀಗಿತಿ ರೇಷ್ಮೆ ಸೀರೆಯ ಸೆರಗು ಸಿಕ್ಕಿಸಿ ಅವ್ವನ ಪಕ್ಕ ನೆಲಕ್ಕೆ ಕೂತು ಉಂಡೆ ಕಟ್ಟತೊಡಗಿದರು. ಅಣ್ಣ ಫೋನನ್ನು ಮೆಲ್ಲಗೆ ಕಿಸೆಗೆ ಇಳಿಸಿದ.

ದೇವರಿಗೆ ಎತ್ತಿಟ್ಟ ಮೇಲೆ ಹೆಂಚಿನಿಂದ ಇಳಿದ ಹೋಳಿಗೆಯನ್ನು ಅವ್ವ ಬೀಗಿತಿಗೆ ಕೊಡುತ್ತಾಳೆಂದುಕೊಂಡಿದ್ದೆ. ತುಪ್ಪ ಸುರಿದು ನನ್ನ ಕೈಗಿಟ್ಟಳು.

"ಮೊದಲ ನಮ್ಮ ಟೀಚರಿಗ್ರಿ," ಎಂದು ಬೀಗಿತಿಗೆ ಹೇಳಿದಳು.