ಬೇಡದ ತಂತಿ

ಲಿಬೋರ್ ಹೋಲಿಕನಿಗೆ ದುಂದುವೆಚ್ಚ ಎಂದರೆ ಮೈಯುರಿ. ಊಟದ ತಟ್ಟೆಯನ್ನು ರೊಟ್ಟಿಯ ತುಂಡಿನಿಂದ ಒರೆಸಿ ತಿನ್ನುವ ಜಾತಿಯವನು. ಬ್ರ್ನೋ ನಗರದ ವಿದ್ಯುತ್ ಕಂಪನಿ ಮೊರಾವಿಯದ ಗುಡ್ಡದ ಹಳ್ಳಿಗಳಿಗೆ ತಂತಿ ಎಳೆಯುವ ನಕ್ಷೆಯನ್ನು ಅವನ ಕೈಗೆ ಕೊಟ್ಟಿದ್ದು ಅದಕ್ಕೇ ಇರಬೇಕು.

ಗಣಿತದ ಮೇಷ್ಟರೊಬ್ಬರಿಂದ ಅವನು ಒಂದು ದಾರಿ ಕಲಿತಿದ್ದ. ಮೊದಲು ಪ್ರತಿ ಹಳ್ಳಿಯನ್ನೂ ತೀರ ಹತ್ತಿರದ ಹಳ್ಳಿಗೆ ಸೇರಿಸು. ಹಾಗೆ ಕೂಡಿದ ಪ್ರತಿ ಗುಂಪನ್ನೂ ಹತ್ತಿರದ ಗುಂಪಿಗೆ ಸೇರಿಸು. ಎಲ್ಲವೂ ಒಂದಾಗುವವರೆಗೆ ಹೀಗೇ. ಆಗಲೇ ಸುತ್ತಿಬಳಸಿಯಾದರೂ ತಂತಿಯಿಂದ ಕೂಡಿರುವ ಊರುಗಳ ನಡುವೆ ಮತ್ತೊಂದು ತಂತಿ ಮಾತ್ರ ಎಳೆಯಬೇಡ. ಇದಕ್ಕಿಂತ ಕಡಿಮೆ ತಂತಿಯಲ್ಲಿ ಎಲ್ಲ ಊರನ್ನೂ ಕೂಡಿಸಲು ದೇವರಿಂದಲೂ ಆಗದು. ಲಿಬೋರ್ ಅದನ್ನು ಮೇಲಧಿಕಾರಿ ವಾವ್ರಾ ಮುಂದೆ ಸಾಧಿಸಿ ತೋರಿಸಿ ಭೇಷ್ ಅನ್ನಿಸಿಕೊಂಡ.

ತಂತಿಯ ಕಟ್ಟಕಡೆಯ ಊರು ಅವನ ಅಕ್ಕ ಓತೀಲಿಯೆಯದು. ಅಲ್ಲಿ ಅವಳೇ ಸೂಲಗಿತ್ತಿ. ವಿದ್ಯುತ್ ಬಂದ ದಿನ ಊರಿನವರು, ಈಸ್ಟರಿನ ಉಪವಾಸಕ್ಕೆ ಮುಂಚೆ ಹಾಡು-ಕುಣಿತ ಮುಗಿಯಿತೆಂದು ದೊಡ್ಡ ಪಿಟೀಲನ್ನು ಹೂಳುವ ಆಟ ಆಡುವ ಹಾಗೆ, ಸೀಮೆಎಣ್ಣೆ ದೀಪಗಳಿಗೆ ಅಣಕು ಶವಯಾತ್ರೆ ಮಾಡಿದರು. ಸುಳ್ಳು ಪಾದ್ರಿ ಪ್ರಾರ್ಥನೆ ಹೇಳಿದ, ಹೆಂಗಸರು ಬೊಬ್ಬೆಯಿಟ್ಟು ಅತ್ತರು, ಪ್ಲಮ್ ಸಾರಾಯಿ ಹೊಳೆಯಾಗಿ ಹರಿಯಿತು. ದೀಪಗಳನ್ನು ಒಡೆದು ಗುಂಡಿಗೆ ಹಾಕಿದವರಲ್ಲಿ ಲಿಬೋರನೇ ಮೊದಲಿಗ. ಅಷ್ಟು ಸಂತೋಷವನ್ನು ಅವನ ಬಾಳಿನಲ್ಲಿ ಯಾರೂ ಕಂಡಿರಲಿಲ್ಲ, ಪಾಪ.

ಆ ಚಳಿಗಾಲ ಹಿಮದ ಭಾರಕ್ಕೆ ಕಣಿವೆಯ ಒಂದು ಕಂಬ ಉರುಳಿ ಊರಿಗೆ ವಿದ್ಯುತ್ ನಿಂತಿತು. ಆ ರಾತ್ರಿ ಗಾಡಿ ಮಾಡುವ ಮಾತೌಶನ ಹೆಂಡತಿ ಹೆರಿಗೆ ನೋವಿನಲ್ಲಿದ್ದಳು. ಇಡೀ ಊರಿನಲ್ಲಿ ಒಂದು ಸೀಮೆಎಣ್ಣೆ ದೀಪ ಉಳಿದಿರಲಿಲ್ಲ. ಇಗರ್ಜಿಯಿಂದ ತಂದ ಮೇಣದಬತ್ತಿಯ ಬೆಳಕಿನಲ್ಲಿ ಓತೀಲಿಯೆ ಹೆರಿಗೆ ಮಾಡಿಸಿದಳು. ಮಗು ಉಳಿಯಿತು, ತಾಯಿ ಹೋದಳು.

"ರಕ್ತ ಹರೀತಿದ್ದದ್ದು ಕಾಣಲಿಲ್ಲ ಕಣೋ. ಕೈಗೆ ಬಿಸಿ ತಗುಲಿದ ಮೇಲೇ ಗೊತ್ತಾಯ್ತು," ಎಂದಳು ಅಕ್ಕ, ಸುದ್ದಿ ಕೇಳಿ ಓಡಿಬಂದ ಲಿಬೋರನಿಗೆ. "ಒಂದು ಕಂಬ ಬಿದ್ರೆ ಊರೇ ಕತ್ತಲಾ? ಬೇರೆ ದಾರೀನೇ ಇಡಲಿಲ್ವಾ?"

"ಇಟ್ಟಿದ್ರೆ ದಂಡ ಅಕ್ಕ. ಲೆಕ್ಕದಲ್ಲಿ..."

"ನಿನ್ನ ಲೆಕ್ಕಕ್ಕಿಷ್ಟು ಬೆಂಕಿ ಹಾಕ."

ಲಿಬೋರ್ ಮತ್ತೆ ಮೇಲಧಿಕಾರಿ ವಾವ್ರಾ ಬಳಿ ಹೋದ. "ಗುಡ್ಡದಾಚೆ ಊರಿಂದ ಇನ್ನೊಂದು ತಂತಿ ಬೇಕು ಸಾಹೇಬರೇ. ಒಂದು ಕಡೆ ಕಡಿದ್ರೂ ಇನ್ನೊಂದು ಕಡೆಯಿಂದ ವಿದ್ಯುತ್ ಬರತ್ತೆ."

"ಅದು ಬೇಡದ ತಂತಿ ಅಂತ ಸಾಧಿಸಿದೋರು ನೀವೇ ಅಲ್ವೇನ್ರೀ?"

"ಹೌದು. ಎಷ್ಟು ಕಡಿಮೆ ತಂತಿ ಸಾಕು ಅಂತ ಕೇಳಿದ್ರಿ, ಹೇಳ್ದೆ. ಕಡಿದ್ರೆ ಏನು ಗತಿ ಅಂತ ನೀವೂ ಕೇಳ್ಲಿಲ್ಲ, ನನಗೂ ಹೊಳೀಲಿಲ್ಲ."

ವಾವ್ರಾ ಕನ್ನಡಕ ತೆಗೆದು ಒರೆಸಿದ. "ಕಂಬ ಊರಿನವ್ರೇ ನೆಡ್ಲಿ. ತಂತಿ ನಾನು ಕೊಡಿಸ್ತೀನಿ."

ಹಿಮ ಕರಗಿದ ಮೇಲೆ ಊರು ಗುದ್ದಲಿ ಹಿಡಿಯಿತು. ಮೊದಲ ಗುಂಡಿ ತೋಡಿದವನು ಮಾತೌಶ್. ಲಿಬೋರ್ ಅವನ ಮುಖ ನೋಡಲಾರದೆ ಪಕ್ಕದಲ್ಲಿ ನಿಂತು ಮಣ್ಣು ಎತ್ತಿದ. ಹೊತ್ತು ಇಳಿಯುವಾಗ ಮಾತೌಶ್ ತನ್ನ ಸಾರಾಯಿ ಬಾಟಲಿಯನ್ನು ಅವನತ್ತ ಚಾಚಿದ.

ಮರುವರ್ಷದ ಚಳಿಗಾಲ, ಹಿಮ ಸುರಿಯುತ್ತಿದ್ದ ಒಂದು ಭಾನುವಾರ ಲಿಬೋರ್ ಅಕ್ಕನ ಅಡುಗೆಮನೆಯಲ್ಲಿ ಕೂತಿದ್ದ. ತಲೆಯ ಮೇಲಿನ ಬಲ್ಬು ಒಮ್ಮೆ ಮಂಕಾಯಿತು, ಮತ್ತೆ ಉರಿಯಿತು. ಕಣಿವೆಯ ತಂತಿ ಕಡಿದಿದೆ, ಗುಡ್ಡದಾಚೆಯ ತಂತಿ ಕೈಹಿಡಿದಿದೆ ಎಂದು ಆ ಊರಿನಲ್ಲಿ ತಿಳಿದವನು ಅವನೊಬ್ಬನೇ.

"ಬಲ್ಬು ಹಳೇದಾಯ್ತು ಕಣೋ, ಬೇರೆ ಹಾಕು," ಎಂದಳು ಓತೀಲಿಯೆ ಹಿಟ್ಟು ನಾದುತ್ತಾ. ಹಿಟ್ಟು ಮೆತ್ತಿದ ಕೈಯಲ್ಲೇ ತಿರುಗಿ ನೋಡಿದಳು. ಲಿಬೋರ್ ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡಿದ್ದ.

"ಏನಾಯ್ತೋ?"

"ಏನೂ ಆಗ್ಲಿಲ್ಲ ಅಕ್ಕ," ಎಂದ ಲಿಬೋರ್. "ಏನೂ ಆಗ್ಲಿಲ್ಲ."